ಸಂಜೆಯ ಕ್ರೀಮ್ ಬನ್ನು

ಮಾರ್ಚ್ 4, ಬೆಳಿಗ್ಗೆ 8
ಹಾಸಿಗೆಯಿಂದ ವೀಲ್‌ಚೇರಿಗೆ ಜಾರಲು ಇವತ್ತು ಮೂರು ಪ್ರಯತ್ನ. ಮೈ ಭಾರವಾಗಿದೆ. ಎಂಟೂವರೆಗೆ ನಾನು ಮನೆಯಿಂದಲೇ ಎತ್ತುವ ಟ್ಯಾಕ್ಸಿ ಕಂಪನಿಯ ಫೋನುಗಳು ಶುರು... ಎಲ್ಲಿಗೆ, ಎಷ್ಟು ಜನ, ಲಗೇಜು ಇದೆಯೇ. ಕೂತಲ್ಲೇ ಊರನ್ನೆಲ್ಲ ಓಡಾಡಿಸುತ್ತೇನೆ.

ಮಾರ್ಚ್ 6
ರಕ್ತದ ರಿಪೋರ್ಟು ಬಂತು. ಕೊಲೆಸ್ಟ್ರಾಲ್ ಕೆಟ್ಟಿದೆ, ಸಕ್ಕರೆ ಗಡಿಯಲ್ಲಿ. ಡಾಕ್ಟರಮ್ಮ ಸುತ್ತಿ ಬಳಸಿ ಹೇಳುವವರಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಹೃದಯದ ಕಾಯಿಲೆಯ ಭಯ ಹೆಚ್ಚಂತೆ. ಎದೆಯಿಂದ ಕೆಳಗೆ ಸ್ನಾಯುಗಳು ಸುಮ್ಮನಿವೆ, ತಿಂದದ್ದು ಕರಗದು. ಪೆಟ್ಟು ಅಷ್ಟು ಮೇಲಿರುವುದರಿಂದ ಎದೆನೋವು ಬಂದರೂ ನನಗೆ ಗೊತ್ತಾಗದೇ ಹೋಗಬಹುದು. ಕೈಯಲ್ಲಿ ತಿರುಗಿಸುವ ಸೈಕಲ್ ಬರೆದುಕೊಟ್ಟರು. ಸಂಜೆ ಏನು ತಿನ್ನುತ್ತೀರಿ ಎಂದು ಕೇಳಿದರು. ಸುಳ್ಳು ಹೇಳಿದೆ.

ಅದೇ ದಿನ, ಸಂಜೆ
ಇವರು ಬೇಕರಿ ಕೆಲಸ ಮುಗಿಸಿ ಬಂದರು. ಪೊಟ್ಟಣದಲ್ಲಿ ಕ್ರೀಮ್ ಬನ್ನು, ಎರಡು ತುಂಡು ಕೇಕ್. ನಾನು ತಿನ್ನುವುದನ್ನೇ ನೋಡುತ್ತ ಕೂತರು. ಒಂಬತ್ತು ವರ್ಷದಿಂದ ಹೀಗೇ. ಅಪಘಾತದ ದಿನ ಸ್ಕೂಟರ್ ಓಡಿಸಿದ್ದು ಇವರು — ಇವರಿಗೆ ಒಂದು ಗೀರೂ ಆಗಲಿಲ್ಲ. ಹೇಗೆ ಬೇಡ ಅನ್ನಲಿ?
ತಿಂದೆ.

ಮಾರ್ಚ್ 13
ಸೈಕಲನ್ನು ಮೇಜಿಗೆ ಬಿಗಿದಾಯಿತು. ನಾಲ್ಕು ನಿಮಿಷಕ್ಕೇ ಏದುಸಿರು. ಆಮೇಲೆ ಕೇಕ್! ನನಗೆ ನಾನೇ ಟೋಪಿ ಹಾಕಿಕೊಳ್ಳುತ್ತಿದ್ದೇನೆ.

ಏಪ್ರಿಲ್ 2
ಬೆಳಿಗ್ಗೆ ಮುಖದಲ್ಲೆಲ್ಲ ಬೆವರು, ದವಡೆ ಬಿಗಿತ. ಎದೆಯಲ್ಲಿ ಏನೂ ಇಲ್ಲ — ಅದೇ ಹೆದರಿಕೆ. ನಾನೇ ಟ್ಯಾಕ್ಸಿ ಬುಕ್ ಮಾಡಿದೆ, ಇವರೂ ಜೊತೆಗೆ ಬಂದರು. ಇಸಿಜಿ, ರಕ್ತ, ಮತ್ತೆ ಇಸಿಜಿ. ಹೃದಯದ್ದಲ್ಲ, ಆದರೆ ಬಂದದ್ದು ಸರಿ ಎಂದರು ಡಾಕ್ಟರಮ್ಮ. ಆಸ್ಪತ್ರೆಯ ಕಾರಿಡಾರಿನಲ್ಲಿ ಇವರಿಗೆ ಹೇಳಿಬಿಟ್ಟೆ.
"ರೀ, ಇನ್ಮೇಲೆ ಏನೂ ತರಬೇಡಿ."
"ನಿಂಗಿಷ್ಟ ಅಂತ ತರ್ತಿದ್ದೆ..."
"ನಿಮ್ಮ ಸಮಾಧಾನಕ್ಕೆ ತಿಂತಿದ್ದೆ. ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ, ತಿಂದೆ."
 ಇವರು ನನ್ನ ಕುರ್ಚಿ ತಳ್ಳಿಕೊಂಡು ಹೊರಟರು.

ಏಪ್ರಿಲ್ 5
ಮನೆಯಲ್ಲಿ ಮಾತಿಲ್ಲ. ತಡವಾಗಿ ಬರುತ್ತಾರೆ. ಸಂಜೆ ಆರಾದರೆ ಬಾಯಿ ಸಿಹಿ ಬೇಡುತ್ತದೆ, ಕಿವಿ ಬಾಗಿಲ ಕಡೆ. ಒಂದು ಕಡೆ ಕೂರಲಾಗದು — ಕೂತೇ ಇರುವವಳು ನಾನು!

ಏಪ್ರಿಲ್ 9, ಸಂಜೆ
ಬೇಗ ಬಂದರು, ಬರಿಗೈಯಲ್ಲಿ. ನಾನು ಸೈಕಲ್ ತಿರುಗಿಸುತ್ತಿದ್ದೆ. ಎದುರು ಕೂತರು. ಕೈ ಎಲ್ಲಿಡುವುದೆಂದು ತೋಚದೆ ಮೊಣಕಾಲು ಉಜ್ಜಿಕೊಂಡರು. ಕೊನೆಗೆ ಕೇಳಿದರು.
"ಅವತ್ತು ಬ್ರೇಕ್ ಹಾಕಿದ್ದು ತಡ ಆಯ್ತಾ?"
ಒಂಬತ್ತು ವರ್ಷದಲ್ಲಿ ಆ ಮಾತೆತ್ತಿದ್ದು ಇದೇ ಮೊದಲ ಸಲ. ಕೈ ನಿಲ್ಲಿಸಲಿಲ್ಲ; ನಿಲ್ಲಿಸಿದ್ದರೆ ಅಳುತ್ತಿದ್ದೆ.
"ಹೂಂ, ತಡ ಆಯ್ತು. ಈಗ ಗಡಿಯಾರ ನೋಡಿ ಹೇಳಿ, ಎಷ್ಟು ನಿಮಿಷ ಆಯ್ತು?"
ಕಣ್ಣೊರೆಸಿಕೊಂಡು ನೋಡಿದರು. ಹದಿನೇಳು ಎಂದರು. ಇಪ್ಪತ್ತರವರೆಗೂ ಒಂದೊಂದೇ ಎಣಿಸಿದರು.
ಈಗ ಅಡುಗೆಮನೆಯಿಂದ ಕರೆಯುತ್ತಿದ್ದಾರೆ. ತರಕಾರಿ ಬೇಯಿಸಿದ್ದಾರಂತೆ, ಉಪ್ಪು ಕಡಿಮೆ. ಹೇಗಿದೆಯೋ...