ಬಾವಿಯ ಎಪಿಸೋಡಿಗೆ ಐದು ಸ್ಟಾರ್

೧೭ ಸೆಪ್ಟೆಂಬರ್ ೨೦೧೯, ಬೆಳಿಗ್ಗೆ

ಮೆಂತ್ಯ ಸೊಪ್ಪು ಬಿಡಿಸುತ್ತಾ ಕ್ರೈಮ್ ಪಾಡ್‌ಕಾಸ್ಟ್ ಕೇಳಿದೆ. ಸೂಪರ್ ಎಪಿಸೋಡ್! ಬೆಂಗಳೂರಿನ ಅಂಚಿನ ಯಾವುದೋ ಊರು, ಹಳೆಯ ಕೇಸು. ಹೆಸರೆಲ್ಲ ಬದಲಿಸಿದ್ದಾರಂತೆ. ‘ರೇಖಾ’ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ಬಿದ್ದಳೋ, ಯಾರಾದರೂ ತಳ್ಳಿದರೋ... ಇವತ್ತಿಗೂ ಗೊತ್ತಿಲ್ಲ. ಅವಳ ಅಣ್ಣನ ಇಂಟರ್‌ವ್ಯೂ ಇದೆ, ದನಿ ಬದಲಿಸಿ. ಅಳುತ್ತಾನೆ.

ಮುನೀಂದ್ರನಿಗೆ ಫೋನ್ ಮಾಡಿ ಕಥೆ ಶುರುಮಾಡಿದೆ. “ಮೀಟಿಂಗು, ಚಿನ್ನು” ಎಂದು ಕಟ್ ಮಾಡಿದ. ನನ್ನ ಗಂಡನಿಗೆ ಕ್ರೈಮ್ ಎಂದರೆ ಭಯ. ಸೋ ಕ್ಯೂಟ್.

ಇಂಗ್ಲಿಷಿನಲ್ಲಿ ಕಾಮೆಂಟ್ ಹಾಕಿದೆ — ಐದು ಸ್ಟಾರ್. ಅಣ್ಣನೇ ಮಾಡಿದ್ದು, ಜಮೀನಿಗಾಗಿ. ಅಣ್ಣನ ಅಳು ಓವರ್‌ಆಕ್ಟಿಂಗ್.

೨೦ ಸೆಪ್ಟೆಂಬರ್

ನನ್ನದೇ ಟಾಪ್ ಕಾಮೆಂಟ್! ಒಬ್ಬರು ಮಾತ್ರ, ಪಾಪ, ಆ ಅಣ್ಣನನ್ನು ಬಿಡಿ ಎಂದು ಬರೆದಿದ್ದಾರೆ. ನಗುವ ಮುಖ ಹಾಕಿದೆ. ಉಳಿದವರೆಲ್ಲ ನನ್ನ ಪಾರ್ಟಿ.

೨೮ ಸೆಪ್ಟೆಂಬರ್, ಮಧ್ಯಾಹ್ನ

ಹಿರಿಯರ ಹಬ್ಬ. ಅಮೃತಹಳ್ಳಿಯ ಮನೆಯಲ್ಲಿ ನನ್ನ ಮೊದಲನೆಯದು. ಸತ್ತವರಿಗೆ ಹೊಸ ಬಟ್ಟೆ ಇಟ್ಟು, ಮುಂದೆ ಎಲೆ ಹಾಕಿ ಎಡೆ ಬಡಿಸುವುದು. ಬಟ್ಟೆ ಜೋಡಿಸುವುದು ಹೊಸ ಸೊಸೆಯ ಕೆಲಸ. ತಾತನಿಗೆ ಪಂಚೆ. ಅಜ್ಜಿಗೆ ಕೆಂಪು ಸೀರೆ. ಕೊನೆಗೆ ಒಂದು ಗಿಳಿಹಸಿರು ಸೀರೆ, ಗಾಜಿನ ಬಳೆ. ಇದು ಯಾರಿಗೆ ಎಂದು ಅತ್ತೆಯನ್ನು ಕೇಳಿದೆ.

“ರಾಣಿಗೆ. ನಿಮ್ಮಾವನ್ ತಂಗಿ ಕಣಮ್ಮ. ಬಾವೀಲಿ ಸತ್ತೋದ್ಲು.”

ಈಚೆಗೆ ಒಬ್ಬ ಹುಡುಗಿ ಮೈಕ್ ಹಿಡಿದು ಬಂದು, ಮಾವನಿಂದ ಎಲ್ಲ ಹೇಳಿಸಿಕೊಂಡು ಹೋದಳಂತೆ. ಅವತ್ತು ಮಾವ ಊಟ ಮಾಡಲಿಲ್ಲವಂತೆ.

ಸೀರೆ ಇಟ್ಟೆ. ಮಡಿಕೆ ಸರಿಮಾಡಿದೆ.

ಆಮೇಲೆ ಕಾಮೆಂಟ್ ಡಿಲೀಟ್. ಬೇರೆಯವರು ಬರೆದ ‘ಕರೆಕ್ಟ್, ಅಣ್ಣನೇ’ಗಳು ಹಾಗೇ ಇವೆ. ಅವನ್ನು ಅಳಿಸಲು ನನ್ನಿಂದಾಗದು.

ಸಂಜೆ

ಎಡೆಗಿಟ್ಟ ಸೀರೆಯನ್ನು ಮನೆಯ ಹೆಂಗಸರು ಉಡಬೇಕು. ಹಸಿರು ನನಗೆ ಬಂತು. ಮುನೀಂದ್ರ ಫೋಟೋ ತೆಗೆದ. ಮಾವ ನೋಡುತ್ತಲೇ ಇದ್ದರು. ಆಮೇಲೆ ಪಕ್ಕಕ್ಕೆ ಕರೆದು ತಮ್ಮ ಫೋನ್ ಕೊಟ್ಟರು. ಅದೇ ಎಪಿಸೋಡ್. ಆ ಹುಡುಗಿ ಕಳಿಸಿದ್ದಳಂತೆ.

“ಕೇಳ್ದೋರು ಕೆಳಗೆ ಏನೇನೋ ಬರ್ದವ್ರೆ, ಇಂಗ್ಲೀಸಲ್ಲಿ. ನಮ್ ರಾಣಿ ಬಗ್ಗೆ ಜನ ಏನಂತಾರೆ, ಒಸಿ ಓದಮ್ಮ.”

ಮಾವ ಮುನೀಂದ್ರನನ್ನು ಕೇಳಬಹುದಿತ್ತು. ಇಷ್ಟು ದಿನ ಕೇಳಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಕೂತರು.

ಮೊದಲನೆಯದು — ‘ಕರೆಕ್ಟ್, ಅಣ್ಣನೇ’. ಜೋರಾಗಿ ಓದಿದೆ: ಅಣ್ಣನ ಅಳು ಕೇಳಿ ನಮಗೂ...