ಸರ್ಜಾ ಹತ್ತುವ ಗುಡ್ಡ

ಕರಂಜವಾಡಿ, ತಾ. ಫಲಟಣ
9 ಏಪ್ರಿಲ್ 1996

ಧುಳಾನ ಅಪ್ಪನಿಗೆ ಸಾಳೂ ಮಾಡುವ ನಮಸ್ಕಾರ. ಈ ಕಾಗದವನ್ನು ನಿಮಗೆ ಓದಿ ಹೇಳುವ ಕಿರಾಣಿ ಅಂಗಡಿಯ ಬಾಬೂಶೇಟರಿಗೂ ನಮಸ್ಕಾರ. ಕೊಂಕಣದ ಸೆಕೆಗೆ ನಿಮ್ಮ ಬೆನ್ನ ಮೇಲೆ ಮತ್ತೆ ಬೆವರುಸಾಲೆ ಎದ್ದಿದೆಯೇ? ಕುರಿಗಳ ಗೊರಸು ನೆಟ್ಟಗಿದೆ ತಾನೇ? ಮಂದೆಯ ಮುಂದೆ ನಡೆಯುವ ನಮ್ಮ ಟಗರು ಸರ್ಜಾ ಹೇಗಿದ್ದಾನೆ? ಮನೆಗೆ ಬಂದರೆ ನನಗಿಂತ ಮೊದಲು ಅವನ ಹೊಟ್ಟೆ ವಿಚಾರಿಸುವವರು ನೀವು, ಅದಕ್ಕೇ ಕೇಳಿದೆ. ಧುಳಾನ ಪರೀಕ್ಷೆ ಮುಗಿಯಿತು. ಅತ್ತೆಯ ಮೊಣಕಾಲು ಮಾತ್ರ ಸರಿಯಿಲ್ಲ. ಹೋದ ಶುಕ್ರವಾರ ನೀರಿನ ಟ್ಯಾಂಕರಿನ ಸಾಲಿನಲ್ಲಿ ಕುಸಿದು ಕೂತರು. ನಾನು ಅವರನ್ನು ಎಬ್ಬಿಸುವಷ್ಟರಲ್ಲಿ ಟ್ಯಾಂಕರು ಬರಿದಾಗಿತ್ತು. ಮಾಸ್ತರರ ಮನೆಯಿಂದ ಒಂದು ಕೊಡ ನೀರು ಬೇಡಿ ತಂದೆ.

ಊರಲ್ಲಿ ಈಗ ಜಲಾನಯನದ್ದೇ ಮಾತು. ಗುಡ್ಡದ ಮಳೆ ಗುಡ್ಡದಲ್ಲೇ ಇಂಗುವಂತೆ ಕಂದಕ ತೋಡಿಸಿ, ಹಳ್ಳಕ್ಕೆ ಕಟ್ಟೆ ಕಟ್ಟಿಸಲು ಪುಣೆಯ ಒಂದು ಸಂಸ್ಥೆ ಹಣ ಕೊಡುತ್ತದಂತೆ. ಅದಕ್ಕೆ ಮೊದಲು ಮನೆಗೆ ನಾಲ್ಕು ದಿನ ಶ್ರಮದಾನ ಮಾಡಿ ತೋರಿಸಬೇಕು. ಆಮೇಲೆ ಐದು ವರ್ಷ ಗುಡ್ಡದಲ್ಲಿ ಆಡು-ಕುರಿ ಯಾವುದನ್ನೂ ಮೇಯಿಸುವುದಿಲ್ಲ ಎಂದು ಪ್ರತಿ ಮನೆಯೂ ಒಪ್ಪಿ ಸಹಿ ಹಾಕಬೇಕು. ಒಂದು ಮನೆ ಒಲ್ಲೆ ಎಂದರೂ ಹಣ ಪಕ್ಕದೂರಿನ ಪಾಲು. ಎಲ್ಲರೂ ಹಾಕಿದ್ದಾರೆ, ನಮ್ಮದೊಂದು ಉಳಿದಿದೆ.

ಗುಡ್ಡ ಅಳೆಯುವವರು ಬಂದದ್ದು ಜನವರಿಯಲ್ಲಿ. ಒಂದು ಕುರಿಯೂ ಕಾಣದೆ, ಯಾರೂ ಬಳಸದ ಜಾಗ ಎಂದು ನಕಾಶೆಯಲ್ಲಿ ಬರೆದುಕೊಂಡು ಹೋದರು. ಜನವರಿಯಲ್ಲಿ ನಮ್ಮ ಕುರಿ ಕೊಂಕಣದಲ್ಲಿರುತ್ತವೆ ಎಂದು ಹೇಳಲು ನಮ್ಮನ್ನು ಕೇಳಿದವರಾದರೂ ಯಾರು? ಸಭೆಯಲ್ಲಿ ನಾನೇ ಎದ್ದು ನಿಂತೆ. ಮಳೆಗಾಲದಲ್ಲಿ ಹೊಲದ ತುಂಬ ಸಜ್ಜೆ ಇರುತ್ತದೆ, ಗುಡ್ಡ ಬಿಟ್ಟರೆ ನಮ್ಮ ಮಂದೆಗೆ ಬೇರೆ ನೆಲವಿಲ್ಲ ಎಂದೆ. ಸುಗ್ಗಿಯಾದ ಮೇಲೆ ಗೊಬ್ಬರಕ್ಕೆ ಹೊಲದಲ್ಲಿ ಕುರಿ ನಿಲ್ಲಿಸಿ ಎಂದು ನಿಮ್ಮ ಕೈಕಾಲು ಹಿಡಿಯುವವರೂ ಅಲ್ಲಿ ಕೂತಿದ್ದ ಇವರೇ. ಸರಪಂಚ ತುಳಶೀರಾಮಣ್ಣ, “ನಿನ್ನ ಗಂಡನ ಒಂದ ಹೆಬ್ಬಟ್ಟಿಗೆ ಇಡೀ ಊರ ನೀರು ನಿಂತೈತಿ ನೋಡವಾ” ಎಂದರು. ಅತ್ತೆ ಬಿಟ್ಟಾರೆಯೇ? “ನನ್ನ ಮಗನ ಹೆಬ್ಬಟ್ಟು ಕೇಳೂಕಿಂತ ಮೊದಲ ನಿನ್ನ ಹೊಲದಾಗ ನಾಕ ತಿಂಗಳ ಜಾಗಾ ಕೊಡ್ತಿ ಏನಪಾ?” ಎಂದು ಕೇಳಿಯೇ ಬಿಟ್ಟರು. ಸರಪಂಚರು ಚಪ್ಪಲಿ ಹುಡುಕತೊಡಗಿದರು.

ಸಹಿ ಹಾಕಿದರೆ ಮಳೆಗಾಲದಲ್ಲಿ ನೂರಹತ್ತು ಕುರಿಗಳನ್ನು ಎಲ್ಲಿಗೆ ಹೊಡೆಯುತ್ತೀರಿ? ಅರ್ಧ ಮಾರಬೇಕೆಂದರೆ ಯಾವ ಅರ್ಧ? ನೀವು ಒಂದೊಂದನ್ನೂ ಅದರ ತಾಯಿಯ ಹೆಸರಿನಿಂದ ಗುರುತಿಸುವವರು. ಆದರೆ ಅತ್ತೆ ಇನ್ನೊಂದು ಬೇಸಿಗೆ ಆ ಸಾಲಿನಲ್ಲಿ ನಿಲ್ಲಲಾರರು. ಸಂಸ್ಥೆಯವರು ಭಾನುವಾರ ಸಹಿಗೆ ಬರುತ್ತಾರೆ. ಅಷ್ಟರೊಳಗೆ ಈ ಕಡೆ ಬರುವವರ ಕೈಲಿ ಹೇಳಿ ಕಳಿಸಿ. ನೀವು ಹೇಳಿದಂತೆ ನಡೆಯುತ್ತೇನೆ.

ಕುಲದೇವರು ಧುಳೋಬಾ ನಿಮ್ಮನ್ನೂ ಮಂದೆಯನ್ನೂ ಕಾಯಲಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಧುಳಾ ಒಂದು ಕೊಳಲು ತರಲು ಹೇಳಿದ್ದಾನೆ.

ನಿಮ್ಮ
ಸಾಳೂ

ತಾ.ಕ.: ಬಾಬೂಶೇಟ್, ಇದನ್ನು ಓದುವ ಮೊದಲು ಅವರನ್ನು ಕೂರಿಸಿ ಒಂದು ಕಪ್ ಚಹಾ ಕೊಡಿ. ಧುಳಾನ ಅಪ್ಪಾ, ಭಾನುವಾರದ ಮಾತು ಸುಳ್ಳು. ಸಂಸ್ಥೆಯವರು ನಿನ್ನೆಯೇ ಬಂದು ಹೋದರು. ನಿಮ್ಮ ಹೆಸರಿನ ಮುಂದೆ ನಾನೇ ಸಹಿ ಹಾಕಿದೆ. ಬರೆಯಲು ಕೂತಾಗ ಹೇಳುವ ಧೈರ್ಯವಾಗಲಿಲ್ಲ. ಶ್ರಮದಾನದ ಪಾಲನ್ನು ಚೀಟಿ ಎತ್ತಿ ಹಂಚಿದ್ದರು, ನಮ್ಮ ಪಾಲು ಕುರಿಗಳ ಕಾಲುದಾರಿಯ ಮೇಲೆಯೇ ಬಂತು. ಜೂನ್‌ನಲ್ಲಿ ಹಳ್ಳ ದಾಟಿದ ಕೂಡಲೇ ಸರ್ಜಾ ತಾನಾಗಿಯೇ ಗುಡ್ಡದ ಕಡೆ ತಿರುಗುತ್ತಾನೆ. ಅವನ ಕೊರಳಿಗೆ ಹಗ್ಗ ಹಾಕಿ ಹಿಡಿದುಕೊಳ್ಳಿ. ದಾರಿಗೆ ಅಡ್ಡ ಮೊಣಕಾಲಾಳದ ಕಂದಕವಿದೆ. ಅದನ್ನು ತೋಡಿದವಳು ನಾನು.