ನನ್ನ ಕಪ್ಪು ಬಣ್ಣದ ಪ್ರಮಾಣಪತ್ರ ವಾಪಸ್ ತೆಗೆದುಕೊಳ್ಳಿ

ಕಿರು ಉದ್ದಿಮೆಗಳ ಕಚೇರಿಯ ಮಾನ್ಯ ಅಧಿಕಾರಿಗಳೇ,

ಬಟ್ಟೆಗೆ ಬಣ್ಣ ಹಾಕುವ ನಮ್ಮ ಅಂಗಡಿಯ ಪರವಾನಗಿಯನ್ನು ನನ್ನ ತಮ್ಮನ ಹೆಂಡತಿಯ ಹೆಸರಿಗೆ ಮಾಡಿಕೊಡಿ ಎಂದು ಕೊಟ್ಟ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. ಕಸುಬು ಬಲ್ಲವಳೆಂಬ ಪ್ರಮಾಣಪತ್ರ ಆಕೆಯ ಬಳಿ ಇಲ್ಲವಂತೆ, ನನ್ನ ಬಳಿ ಇದೆಯಂತೆ. ಸ್ವಾಮಿ, ಆ ಅಂಗಡಿಯಲ್ಲಿ ಕಸುಬು ಬಾರದವನು ನಾನೊಬ್ಬನೇ. ಇದನ್ನು ಊರೆದುರು ಒಪ್ಪಿಕೊಳ್ಳಲು ನನಗೆ ಐವತ್ತಾರು ವರ್ಷ ಹಿಡಿಯಿತು.

ಎರಡು ವರ್ಷದ ಹಿಂದೆ 'ಅಲ್ಪಸಂಖ್ಯಾತ ಕಿರು ಉದ್ದಿಮೆಗಳಲ್ಲಿ ಜ್ಞಾನ ಹಂಚಿಕೆ' ಎಂಬ ಹನ್ನೆರಡು ಪುಟದ ನಮೂನೆ ಕಳಿಸಿದಿರಿ. ಅಮ್ಮ ನನಗೆ ಹೇಳಿಕೊಟ್ಟಿದ್ದ ನಮ್ಮ ಮನೆಯ ಕಪ್ಪು ಬಣ್ಣದ ವಿಧಾನವನ್ನು ಅದರಲ್ಲಿ ಚಾಚೂ ತಪ್ಪದೆ ತುಂಬಿದೆ. ತಾವು ಕೈಪಿಡಿ ಅಚ್ಚು ಹಾಕಿಸಿ, ನನ್ನನ್ನು ವೇದಿಕೆಗೆ ಕರೆದು, ಆ ಪ್ರಮಾಣಪತ್ರ ಕೊಟ್ಟು ಚಪ್ಪಾಳೆ ಹೊಡೆಸಿದಿರಿ. ನಾನು ಆ ವಾರವೆಲ್ಲ ಗಲ್ಲಾದ ಮೇಲೆ ಎದೆಯುಬ್ಬಿಸಿ ಕೂತಿದ್ದೆ.

'ಚಾಚೂ ತಪ್ಪದೆ' ಎಂದೆನಲ್ಲ, ಅದು ಅಷ್ಟು ಸರಿಯಲ್ಲ. ನಮ್ಮ ಭಾಷೆಯವರು ಈ ಊರಿನಲ್ಲಿ ಹದಿನಾಲ್ಕೇ ಮನೆ. ಅಜ್ಜನ ಕಾಲದಲ್ಲಿ ಒಬ್ಬ ದೊಡ್ಡ ಅಂಗಡಿಯವನು ನಮ್ಮ ಹಂಡೆಯ ಪಕ್ಕ ಕೂತು ಕೆಂಪು ಹಾಕುವುದನ್ನು ಕಲಿತು, ಮರುವರ್ಷ ನಮ್ಮನ್ನೇ ಆ ಬೀದಿಯಿಂದ ಎಬ್ಬಿಸಿದ. ಅಂದಿನಿಂದ ಒಂದು ಕಟ್ಟಳೆ: ಹೊರಗಿನವರು ಕೇಳಿದರೆ ಇಲ್ಲವೆನ್ನಬಾರದು, ಎಲ್ಲಾ ಹೇಳಬೇಕು, ಆದರೆ ಒಂದು ಸುಳ್ಳು ಸೇರಿಸಿ ಹೇಳಬೇಕು. ಒಂದು ಗಂಟೆ ಕುದಿಸಬೇಕಾದ ಕಡೆ ನಾನು ಅರ್ಧ ಗಂಟೆ ಎಂದು ಬರೆದೆ. ಸರ್ಕಾರವೆಂಬ ಮುಲಾಜನ್ನೂ ನೋಡಲಿಲ್ಲ.

ಕಳೆದ ವರ್ಷ ಅಮ್ಮ ತೀರಿಕೊಂಡರು. ಅಲ್ಲಿಯವರೆಗೆ ಕಪ್ಪು ಅವರದೇ ಕೆಲಸ. ತಿಂಗಳೊಳಗೆ ವಕೀಲರೊಬ್ಬರು ಮಾಸಿದ ಕೋಟು ತಂದರು. "ಭಾವ, ನಾನು ಹಾಕ್ಲಾ?" ಎಂದು ತಮ್ಮನ ಹೆಂಡತಿ ಕೇಳಿದಳು. "ನೀನು ಸುಮ್ನಿರಮ್ಮ, ಪ್ರಮಾಣಪತ್ರ ಯಾರದು?" ಎಂದು ಅಂಗಿಯ ತೋಳು ಮಡಚಿದೆ. ಸರಿಯಾಗಿ ಒಂದು ಗಂಟೆ ಕುದಿಸಿದೆ. ಕೋಟು ಬದನೆಕಾಯಿ ಬಣ್ಣಕ್ಕೆ ಬಂತು. ವಕೀಲರು ಅದನ್ನೇ ತೊಟ್ಟು ವಾದ ಮಾಡಿ, ಬೆವರಿ, ನೇರಳೆ ಕುತ್ತಿಗೆ ಹೊತ್ತು ಅಂಗಡಿಗೆ ಬಂದರು. ಅವಳು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಅದೇ ಕೋಟನ್ನು ಕಾಡಿಗೆಯಷ್ಟು ಕಪ್ಪು ಮಾಡಿ ತಂದಳು.

ಆಗ ಹೊಳೆಯಿತು. ಅಮ್ಮ ನನಗೂ ಒಂದು ಸುಳ್ಳು ಸೇರಿಸಿಯೇ ಹೇಳಿದ್ದರು, ಹೆತ್ತ ಮಗನಿಗೆ! "ನಿಮ್ಮ ಬಾಯಲ್ಲಿ ಎಳ್ಳೂ ನೆನೆಯಲ್ಲ, ಹೊರಗಿನವರಿಗೆ ಹೇಳಿಬಿಡ್ತೀರಿ ಅಂತಿದ್ರು ಅತ್ತೆ," ಎಂದಳು ಅವಳು, ನೆಲ ನೋಡುತ್ತ. ನನಗೆ ಹೊಟ್ಟೆ ಉರಿಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅಮ್ಮನ ಲೆಕ್ಕ ತಪ್ಪಿರಲಿಲ್ಲವಲ್ಲ. ನಾನು ಹನ್ನೆರಡು ಪುಟ ಹೇಳಿದ್ದೆ.

ಹಾಗಾದರೆ ತಮ್ಮ ಕೈಪಿಡಿಯಲ್ಲಿ ಎರಡು ಸುಳ್ಳುಗಳಿವೆ. ನಾನೂರು ಪ್ರತಿ ಹಂಚಿದ್ದೀರಿ, ಒಂದು ದೂರೂ ಬಂದಿಲ್ಲ. ಯಾರ ಬಟ್ಟೆಯೂ ಹಾಳಾಗಲಿಲ್ಲ ಎಂದು ಸಮಾಧಾನಪಡಲೇ, ಯಾರೂ ಅದನ್ನು ತೆರೆದೇ ನೋಡಿಲ್ಲ ಎಂದು ಅಳಲೇ?

ಹತ್ತೊಂಬತ್ತು ವರ್ಷ ಅಮ್ಮನ ಪಕ್ಕದಲ್ಲಿ ಹಂಡೆಯ ಮುಂದೆ ನಿಂತವಳು ಅವಳು. ಉಗುರಿನ ಸಂದಿಯ ಕಪ್ಪು ಮದುವೆ ಮನೆಗೆ ಹೋದರೂ ಬಿಡುವುದಿಲ್ಲ. ಈಗ ದೊಡ್ಡ ಲಾಂಡ್ರಿಯವರು ಕರೆದಿದ್ದಾರೆ. "ನನ್ನ ಹೆಸರೇ ಇಲ್ಲದ ಕಡೆ ಇನ್ನೆಷ್ಟು ದಿನ ಇರ್ಲಿ, ಭಾವ?" ಎನ್ನುತ್ತಾಳೆ. ತಿಂಗಳ ಕೊನೆಗೆ ಅವಳು ಹೊರಟರೆ ಕಪ್ಪೂ ಅವಳ ಜೊತೆ ಹೋಗುತ್ತದೆ, ಬದನೆಕಾಯಿ ನನಗೆ ಉಳಿಯುತ್ತದೆ.

ಆದ್ದರಿಂದ ನನ್ನ ಪ್ರಮಾಣಪತ್ರ ರದ್ದು ಮಾಡಿ, ತಿಂಗಳೊಳಗೆ ಪರವಾನಗಿಯನ್ನು ಅವಳ ಹೆಸರಿಗೆ ಬರೆಯಿರಿ. ಅನುಮಾನವಿದ್ದರೆ ತಮ್ಮ ಕಚೇರಿಯ ಎರಡು ಪರದೆ ಬಿಚ್ಚಿ ಕೊಡಿ, ನಮ್ಮಿಬ್ಬರನ್ನೂ ಪರೀಕ್ಷಿಸಿ.

ನಿನ್ನೆ ಅವಳನ್ನು ಕೇಳಿದೆ: "ಪರವಾನಗಿ ಬಂದ್ಮೇಲಾದ್ರೂ ನನಗೆ ಹೇಳಿಕೊಡ್ತೀಯಾ?" "ಅಯ್ಯೋ, ಅದಕ್ಕೇನಂತೆ ಭಾವ, ಎಲ್ಲಾ ಹೇಳ್ತೀನಿ," ಎಂದು ನಕ್ಕಳು. ನಮ್ಮ ಮನೆಯಲ್ಲಿ 'ಎಲ್ಲಾ' ಎಂದರೆ ಏನೆಂದು ಈಗ ತಮಗೂ ಗೊತ್ತು.

ಇಂತಿ,
ತಮ್ಮಿಂದಲೇ ಪ್ರಮಾಣಿತನಾದ,
ಗಲ್ಲಾದ ಮೇಲೆ ಕೂರಲು ಮಾತ್ರ ಬಲ್ಲ ಬಣ್ಣಗಾರ